20 ಕೆಜಿ ಗಾಂಜಾ, 10 ಗ್ರಾಂ ಎಂಡಿಎಂಎ: ಡ್ರಗ್ಸ್ ಕೇಸಿನಲ್ಲಿ ಬೇಲ್ ಯಾರಿಗೆ ಸಿಗುತ್ತದೆ, ಯಾರಿಗಿಲ್ಲ

ಡ್ರಗ್ಸ್ ಕೇಸಿನಲ್ಲಿ ಸಿನಿಮಾದವರಿಗೋ ದೊಡ್ಡವರ ಮಕ್ಕಳಿಗೋ ಬೇಲ್ ಸಿಕ್ಕಿತು ಅಂದರೆ ಸಾಕು, ಜನ ಹೇಳುವುದು ಒಂದೇ ಮಾತು: ದುಡ್ಡಿದ್ದರೆ ಎಲ್ಲಾ ನಡೆಯುತ್ತೆ. ಅದೇ ವಾರ ವಿಶಾಖಪಟ್ಟಣದ ಕಡೆಯಿಂದ ಗಾಂಜಾ ಮೂಟೆ ಹೊತ್ತು ತಂದ ಲಾರಿ ಡ್ರೈವರ್‌ನ ಅರ್ಜಿ ವಜಾ ಆಗಿದ್ದರೆ ಆ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ದುಡ್ಡಿಗೆ ಇಲ್ಲಿ ಕೆಲಸವೇ ಇಲ್ಲ ಅಂತ ನಾನು ಹೇಳಲ್ಲ. ಒಳ್ಳೆಯ ವಕೀಲರು, ದೆಹಲಿವರೆಗೆ ಹೋಗುವ ತಾಕತ್ತು, ಇವೆಲ್ಲ ಸುಮ್ನೆ ಬರುವುದಿಲ್ಲ. ಆದರೆ ಬೇಲ್ ಅರ್ಜಿ ಕೈಗೆತ್ತಿಕೊಂಡ ಜಡ್ಜ್ ಮೊದಲು ಹುಡುಕುವುದು ಮಹಜರಿನಲ್ಲಿ ಬರೆದ ತೂಕವನ್ನು. ಆ ಒಂದು ಅಂಕಿಯ ಮೇಲೆ ಅರ್ಧ ಕೇಸು ನಿಂತಿರುತ್ತದೆ.

1985ರ ಎನ್‌ಡಿಪಿಎಸ್ ಕಾಯ್ದೆಗೆ, ಅಂದರೆ ಮಾದಕವಸ್ತು ತಡೆಯುವ ಕಾಯ್ದೆಗೆ, 2001ರಲ್ಲಿ ತಿದ್ದುಪಡಿ ಬಂತು. ಅಂದಿನಿಂದ ಸಿಕ್ಕಿದ ಮಾಲನ್ನು ಮೂರು ಮೆಟ್ಟಿಲಲ್ಲಿ ನೋಡುತ್ತಾರೆ: ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನದು. ಗಾಂಜಾ ಆದರೆ 1 ಕೆಜಿವರೆಗೆ ಸಣ್ಣದು, 20 ಕೆಜಿ ದಾಟಿದರೆ ವಾಣಿಜ್ಯ. ಚರಸ್‌ಗೆ 100 ಗ್ರಾಂ ಮತ್ತು 1 ಕೆಜಿ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ. ಬೆಂಗಳೂರಿನ ಪಾರ್ಟಿಗಳ ಸುದ್ದಿಯಲ್ಲಿ ಪದೇ ಪದೇ ಕೇಳಿಬರುವ ಎಂಡಿಎಂಎಗೆ (ಮಾತ್ರೆ, ಪುಡಿಯ ರೂಪದಲ್ಲಿ ಬರುವ ಸಿಂಥೆಟಿಕ್ ಡ್ರಗ್) ಅರ್ಧ ಗ್ರಾಂ ಮತ್ತು ಬರೀ 10 ಗ್ರಾಂ. ಅಂದರೆ ಗಾಂಜಾದಲ್ಲಿ ದೊಡ್ಡ ಮೂಟೆಯೇ ಬೇಕು, ಎಂಡಿಎಂಎಯಲ್ಲಿ ಜೇಬಿನಲ್ಲಿ ಹಿಡಿಯುವ ಒಂದು ಪೊಟ್ಟಣ ಸಾಕು.

ಸಣ್ಣ ಪ್ರಮಾಣದ ಗಾಂಜಾಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು. ಇಂಥ ಕೇಸಿನಲ್ಲಿ ಬೇಲ್ ಪಡೆಯುವುದು ಹಕ್ಕೋ, ಇಲ್ಲ ಕೋರ್ಟಿನ ವಿವೇಚನೆಗೆ ಬಿಟ್ಟದ್ದೋ ಎಂಬ ಬಗ್ಗೆ ಹೈಕೋರ್ಟುಗಳಲ್ಲೇ ಒಮ್ಮತವಿಲ್ಲ, ಆದರೂ ಸಾಮಾನ್ಯವಾಗಿ ಬೇಲ್ ಸಿಗುತ್ತದೆ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ ಶಿಕ್ಷೆ ಇದ್ದರೂ ಬೇಲ್ ವಿಚಾರದಲ್ಲಿ ಅದು ಬೇರೆ ಗಂಭೀರ ಕೇಸುಗಳ ಹಾಗೆಯೇ: ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಹಳೇ ಕೇಸು ಇವೆಯಾ ಅಂತ ನೋಡುತ್ತಾರೆ. ವಾಣಿಜ್ಯ ಪ್ರಮಾಣಕ್ಕೆ ಬಂದರೆ ಆಟದ ನಿಯಮವೇ ಬದಲು. ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ 20. ಜೊತೆಗೆ ಸೆಕ್ಷನ್ 37 ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಈ ಸೆಕ್ಷನ್ 37ರ ಈಗಿನ ಬಿಗಿ ಬಂದದ್ದು 1989ರ ತಿದ್ದುಪಡಿಯಲ್ಲಿ. ಅದು ಕೇಳುವುದು ಇಷ್ಟು. ಸರ್ಕಾರಿ ವಕೀಲರಿಗೆ ಬೇಲ್ ವಿರೋಧಿಸಲು ಅವಕಾಶ ಕೊಡಬೇಕು. ಅವರು ವಿರೋಧಿಸಿದರೆ, ಈ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸರಿಯಾದ ಕಾರಣಗಳಿವೆ ಅಂತ ಕೋರ್ಟಿಗೆ ಅನ್ನಿಸಬೇಕು. ಸಾಲದ್ದಕ್ಕೆ, ಬೇಲ್ ಮೇಲೆ ಹೊರಗಿರುವಾಗ ಇವನು ಅಪರಾಧ ಮಾಡಲಾರ ಅಂತಲೂ ಅನ್ನಿಸಬೇಕು. ಎರಡೂ ಒಟ್ಟಿಗೆ. ಸಾಮಾನ್ಯ ಕೇಸಿನಲ್ಲಿ ಬೇಲ್ ಯಾಕೆ ಕೊಡಬಾರದು ಅಂತ ಪೊಲೀಸರು ಹೇಳಬೇಕು, ಇಲ್ಲಿ ಯಾಕೆ ಕೊಡಬೇಕು ಅಂತ ಆರೋಪಿ ತೋರಿಸಬೇಕು.

ಸ್ವಲ್ಪ ಯೋಚಿಸಿ ನೋಡಿ. ಒಬ್ಬ ಸಾಕ್ಷಿಯನ್ನೂ ಇನ್ನೂ ವಿಚಾರಿಸಿಲ್ಲ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಎಷ್ಟೋ ಸಲ ಬಂದೇ ಇರುವುದಿಲ್ಲ, ಆಗಲೇ ಜಡ್ಜ್ ಈ ಮನುಷ್ಯ ನಿರಪರಾಧಿ ಇರಬಹುದು ಅಂತ ಬರೆಯಬೇಕು. ಮುಂದೆ ಅವನು ಏನು ಮಾಡುತ್ತಾನೆ ಅಂತಲೂ ಹೇಳಬೇಕು. ಎಷ್ಟು ಮಂದಿ ಜಡ್ಜ್‌ಗಳು ಈ ಧೈರ್ಯ ಮಾಡುತ್ತಾರೆ? ಕೆಳಗಿನ ಕೋರ್ಟುಗಳಲ್ಲಿ ತೂಕ ನೋಡಿ, ಸೆಕ್ಷನ್ 37 ಅಂತ ಬರೆದು, ಎರಡು ಪುಟದಲ್ಲಿ ಅರ್ಜಿ ವಜಾ ಮಾಡುವುದು ಮಾಮೂಲಿ ಆಗಿರುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ. ಮೇಲಿನ ಕೋರ್ಟೂ ಅವರಿಗೆ ಹಾಗೇ ಕಲಿಸಿದೆ. ಮೇಲ್ನೋಟಕ್ಕೆ ಕಾಣುವ ಅನುಮಾನ ಸಾಲದು, ಅದಕ್ಕಿಂತ ಗಟ್ಟಿಯಾದದ್ದು ಬೇಕು ಅಂತ ಸುಪ್ರೀಂ ಕೋರ್ಟ್ 2004ರಿಂದಲೂ ಹೇಳುತ್ತಾ ಬಂದಿದೆ. 2020ರ ಜನವರಿಯಲ್ಲಿ ಕೇರಳದ ಹಶಿಶ್ ಎಣ್ಣೆ ಕೇಸೊಂದರಲ್ಲಿ, ಡ್ರಗ್ಸ್ ಪ್ರಕರಣದಲ್ಲಿ ಉದಾರವಾಗಿ ಬೇಲ್ ಕೊಡುವುದು ಬೇಡವೇ ಬೇಡ ಅಂದಿತು. 2024ರ ಫೆಬ್ರವರಿಯಲ್ಲಿ ತಮಿಳುನಾಡಿನ 232 ಕೆಜಿಗೂ ಮೀರಿದ ಗಾಂಜಾ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟಿದ್ದ ನಿರೀಕ್ಷಣಾ ಜಾಮೀನನ್ನೇ ರದ್ದು ಮಾಡಿತು. ಸೆಕ್ಷನ್ 37ರ ಬಗ್ಗೆ ಒಂದು ಮಾತೂ ಬರೆಯದೆ ಬೇಲ್ ಕೊಟ್ಟರೆ ಮೇಲೆ ಹೋದಾಗ ಅದು ನಿಲ್ಲುವುದಿಲ್ಲ.

ಹಾಗಾಗಿ ಆರೋಪಿ ಪರ ವಕೀಲರ ಮೊದಲ ಹೋರಾಟವೇ ತಕ್ಕಡಿಯ ಜೊತೆ. ಕೇಸು 37ರ ಒಳಗೆ ಬರುವುದೇ ಇಲ್ಲ ಅಂತ ತೋರಿಸಿಬಿಟ್ಟರೆ ಅರ್ಧ ಗೆದ್ದಂತೆ.

ಎಂಡಿಎಂಎ ಮಾತ್ರೆಯ ಉದಾಹರಣೆ ತಗೊಳ್ಳಿ. ಅದರಲ್ಲಿ ನಿಜವಾದ ಡ್ರಗ್ ಸ್ವಲ್ಪ, ಉಳಿದದ್ದು ಪುಡಿ, ಬಣ್ಣ. ತೂಕ ಹಾಕಬೇಕಾದ್ದು ಯಾವುದನ್ನು? 2008ರಲ್ಲಿ ಸುಪ್ರೀಂ ಕೋರ್ಟ್ ಶುದ್ಧ ಡ್ರಗ್ಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ ಅಂದಿತ್ತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ತೀರ್ಪಿನಲ್ಲಿ ಮೂವರು ಜಡ್ಜ್‌ಗಳ ಪೀಠ ಅದನ್ನು ತಿರುವಿಹಾಕಿತು: ಬೆರಕೆ ಸೇರಿಸಿ ಪೂರ್ತಿ ತೂಕ. ಬೆರಕೆ ಮಾಡಿ ಮಾರುವವರು ಅದರಿಂದಲೇ ತಪ್ಪಿಸಿಕೊಳ್ಳಬಾರದು ಎಂಬ ತರ್ಕ ಸರಿಯೇ. ಆದರೆ ಪರಿಣಾಮ ನೋಡಿ, ಕೆಲವೇ ಡಜನ್ ಮಾತ್ರೆ ಇಟ್ಟುಕೊಂಡ ಕಾಲೇಜು ಹುಡುಗ ಕೂಡ 10 ಗ್ರಾಂ ಗೆರೆಯನ್ನು ಆರಾಮಾಗಿ ದಾಟುತ್ತಾನೆ, ಮತ್ತು ಆ ಕ್ಷಣದಿಂದ ಕಾನೂನಿನ ಕಣ್ಣಿಗೆ ಅವನೂ ದೊಡ್ಡ ವ್ಯಾಪಾರಿ.

ಗಾಂಜಾದ ವಿಷಯದಲ್ಲಿ ಜಗಳ ಇನ್ನೂ ಮಜವಾಗಿದೆ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ತುದಿಯ ಹೂವು, ಕಾಯಿ ಬಿಟ್ಟ ಭಾಗ. ಅದರ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಆದರೆ ದಾಳಿಯ ದಿನ ಪೊಲೀಸರು ಏನು ಮಾಡುತ್ತಾರೆ? ಗಿಡ, ಕಾಂಡ, ಎಲೆ, ಕಡ್ಡಿ, ಕೆಲವು ಸಲ ಬೇರಿನ ಮಣ್ಣೂ ಸೇರಿ ಮೂಟೆಯನ್ನೇ ತೂಕಕ್ಕೆ ಇಡುತ್ತಾರೆ. 22 ಕೆಜಿ ಅಂತ ಮಹಜರಾಗಿರುತ್ತದೆ. ಹೂವಿನ ತೂಕ ಮಾತ್ರ ಬೇರೆ ಮಾಡಿದ್ದರೆ ಅದು 20ರ ಕೆಳಗೆ ಬರುತ್ತಿತ್ತು ಅನ್ನುವ ವಾದ ಕರ್ನಾಟಕ ಹೈಕೋರ್ಟ್ ಸೇರಿ ಹಲವು ಕಡೆ ಬೇಲ್ ತಂದುಕೊಟ್ಟಿದೆ. ಗೆರೆಯಿಂದ ಒಂದೆರಡು ಕೆಜಿ ಆಚೆ ಇರುವ ಕೇಸಿನಲ್ಲಿ ಇದು ಒಳ್ಳೆ ಅಸ್ತ್ರ. 200 ಕೆಜಿ ಇದ್ದರೆ ಯಾವ ಜಡ್ಜೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಹಿಡಿದ ಕೇಸೊಂದು ಹೈಕೋರ್ಟಿಗೆ ಬಂತು. 29 ಕೆಜಿ ಭಂಗ್, ಜೊತೆಗೆ 400 ಗ್ರಾಂ ಗಾಂಜಾ. ಭಂಗ್ ಎಲೆಯಿಂದ ಮಾಡುವಂಥದ್ದು, ಎನ್‌ಡಿಪಿಎಸ್ ಪಟ್ಟಿಗೆ ಅದು ಬರುವುದಿಲ್ಲ, ಉತ್ತರ ಭಾರತದಲ್ಲಿ ಲೈಸೆನ್ಸ್ ಅಂಗಡಿಗಳಲ್ಲೇ ಮಾರುತ್ತಾರೆ ಅಂತ ಹೇಳಿ ಹೈಕೋರ್ಟ್ ಬೇಲ್ ಕೊಟ್ಟಿತು. ಉಳಿದ 400 ಗ್ರಾಂ ಸಣ್ಣ ಪ್ರಮಾಣ. ಅಲ್ಲಿಗೆ 37ರ ಪ್ರಶ್ನೆಯೇ ಬರಲಿಲ್ಲ.

ಹೊಲದ ಕಥೆ ಬೇರೆ. ಚಾಮರಾಜನಗರದ ಕಾಡಂಚಿನ ಊರುಗಳಲ್ಲಿ ಬೇರೆ ಬೆಳೆಯ ನಡುವೆ ಗಾಂಜಾ ಗಿಡ ಸಿಕ್ಕಿತು ಅನ್ನುವ ಸುದ್ದಿ ಆಗಾಗ ಓದಿರುತ್ತೀರಿ. ಗಿಡ ಬೆಳೆಸುವುದು ಸೆಕ್ಷನ್ 20ರ ಮೊದಲ ಭಾಗಕ್ಕೆ ಬರುತ್ತದೆ, ಅದರಲ್ಲಿ ಸಣ್ಣದು ದೊಡ್ಡದು ಅನ್ನುವ ತೂಕದ ಮಾತೇ ಇಲ್ಲ, ಶಿಕ್ಷೆ 10 ವರ್ಷದವರೆಗೆ. ಹಾಗಾಗಿ ಬೆಳೆದವನಿಗೆ 37ರ ತೊಡಕಿಲ್ಲದೆ ಬೇಲ್ ಸಿಗುವ ಸಾಧ್ಯತೆ ಇದೆ, ಅದೇ ಬೆಳೆಯನ್ನು ಒಣಗಿಸಿ ಮೂಟೆ ಕಟ್ಟಿದ ಮೇಲೆ ಸಾಗಿಸಿದವನಿಗೆ ಇಲ್ಲ. ನನಗಂತೂ ಇದು ವಿಚಿತ್ರವಾಗಿ ಕಾಣುತ್ತದೆ.

ಈಗ ಆರಂಭದಲ್ಲಿ ಹೇಳಿದ ದೊಡ್ಡವರ ಕೇಸಿಗೆ ಬರೋಣ. 2021ರ ಅಕ್ಟೋಬರ್‌ನಲ್ಲಿ ಮುಂಬೈನ ಹಡಗಿನ ಕೇಸಿನಲ್ಲಿ ನಟ ಶಾರುಖ್ ಖಾನ್ ಮಗ ಆರ್ಯನ್ ಖಾನ್ ಹತ್ತಿರ ಏನೂ ಸಿಕ್ಕಿರಲಿಲ್ಲ, ಜೊತೆಗಿದ್ದ ಗೆಳೆಯನ ಬಳಿ ಸಿಕ್ಕಿದ್ದು 6 ಗ್ರಾಂ ಚರಸ್. ಉಳಿದದ್ದು ವಾಟ್ಸಾಪ್ ಚಾಟ್. ಆದರೂ ಕೆಳಗಿನ ಕೋರ್ಟು ಬೇಲ್ ಕೊಡಲಿಲ್ಲ, ಎಲ್ಲರೂ ಸೇರಿ ಸಂಚು ಮಾಡಿದ್ದಾರೆ ಎಂಬ ಎನ್‌ಸಿಬಿ (ಕೇಂದ್ರದ ಡ್ರಗ್ಸ್ ತನಿಖಾ ಸಂಸ್ಥೆ) ವಾದವನ್ನು ಒಪ್ಪಿತು. ಅಕ್ಟೋಬರ್ 28ರಂದು ಬಾಂಬೆ ಹೈಕೋರ್ಟ್ ಬೇಲ್ ಕೊಟ್ಟಿತು, ಮುಂದಿನ ಮೇ ತಿಂಗಳಲ್ಲಿ ಎನ್‌ಸಿಬಿಯೇ ಅವನ ಮೇಲಿನ ಆರೋಪ ಕೈಬಿಟ್ಟಿತು. ಇಲ್ಲಿ ಪ್ರಶ್ನೆ ಉಲ್ಟಾ ಇರಬೇಕಿತ್ತು: ಬೇಲ್ ಯಾಕೆ ಸಿಕ್ಕಿತು ಅನ್ನುವುದಕ್ಕಿಂತ, ಮೂರು ವಾರ ಯಾಕೆ ಸಿಗಲಿಲ್ಲ?

ನಮ್ಮ ಸ್ಯಾಂಡಲ್‌ವುಡ್ ಕೇಸೂ ಹೆಚ್ಚುಕಡಿಮೆ ಹಾಗೇ. 2020ರ ಸೆಪ್ಟೆಂಬರ್ 4ರಂದು ಬೆಂಗಳೂರು ಪೊಲೀಸರ ಸಿಸಿಬಿ ನಟಿ ರಾಗಿಣಿ ದ್ವಿವೇದಿಯವರನ್ನು ಬಂಧಿಸಿತು. ನವೆಂಬರ್‌ನಲ್ಲಿ ಹೈಕೋರ್ಟ್ ಬೇಲ್ ನಿರಾಕರಿಸಿತು. 2021ರ ಜನವರಿ 21ರಂದು ಸುಪ್ರೀಂ ಕೋರ್ಟ್ ಬೇಲ್ ಕೊಟ್ಟಿತು, ಈ ಕೇಸಿಗೆ ಸೆಕ್ಷನ್ 37 ತರುವ ಅಗತ್ಯವೇ ಇರಲಿಲ್ಲ ಎಂಬ ನೆಲೆಯಲ್ಲಿ. ಅಷ್ಟರಲ್ಲಿ ನಾಲ್ಕೂವರೆ ತಿಂಗಳು ಕಳೆದಿತ್ತು. ಟಿವಿಯಲ್ಲಿ ಆ ತಿಂಗಳುಗಳಲ್ಲಿ ನಡೆದ ವಿಚಾರಣೆಯನ್ನು ನೆನೆಸಿಕೊಂಡರೆ ಕೋರ್ಟಿನ ವಿಚಾರಣೆಯೇ ಎಷ್ಟೋ ಮೇಲು. ಮುಂದೆ ಹೈಕೋರ್ಟ್ ಅವರ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು.

ತೂಕ ಇಲ್ಲದಿದ್ದಾಗ ತನಿಖೆಯವರು ಹಿಡಿಯುವ ಇನ್ನೊಂದು ದಾರಿ ಸೆಕ್ಷನ್ 27ಎ, ಅಂದರೆ ಡ್ರಗ್ಸ್ ವ್ಯಾಪಾರಕ್ಕೆ ಹಣ ಹೂಡುವುದು. ಇದನ್ನು ಹಾಕಿದರೆ ಒಂದು ಗ್ರಾಂ ಇಲ್ಲದಿದ್ದರೂ 37 ಅನ್ವಯ ಆಗುತ್ತದೆ. ಹಿಂದಿ ನಟಿ ರಿಯಾ ಚಕ್ರವರ್ತಿ ಮೇಲೆ ಹಾಕಿದ್ದು ಇದನ್ನೇ. 2020ರ ಅಕ್ಟೋಬರ್ 7ರಂದು ಬೇಲ್ ಕೊಡುವಾಗ ಬಾಂಬೆ ಹೈಕೋರ್ಟ್, ಇನ್ನೊಬ್ಬರು ಸೇವಿಸುವ ಡ್ರಗ್ಸ್‌ಗೆ ದುಡ್ಡು ಕೊಟ್ಟ ಮಾತ್ರಕ್ಕೆ ಅದು ವ್ಯಾಪಾರಕ್ಕೆ ಹಣ ಹೂಡಿದಂತೆ ಆಗುವುದಿಲ್ಲ ಅಂದಿತು.

ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟಿನ ತೂಫಾನ್ ಸಿಂಗ್ ತೀರ್ಪು ಬಂತು. ಡ್ರಗ್ಸ್ ಕೇಸುಗಳ ಬೇಲ್ ವಿಚಾರದಲ್ಲಿ ಈಚಿನ ವರ್ಷಗಳಲ್ಲಿ ಜಾಸ್ತಿ ಕೆಲಸಕ್ಕೆ ಬಂದ ತೀರ್ಪು ಇದು. ಮೊದಲು ಎನ್‌ಸಿಬಿ, ಡಿಆರ್‌ಐ (ಕಳ್ಳಸಾಗಣೆ ಹಿಡಿಯುವ ಕೇಂದ್ರದ ಸಂಸ್ಥೆ) ಅಧಿಕಾರಿಗಳು ಸೆಕ್ಷನ್ 67ರಲ್ಲಿ ಹೇಳಿಕೆ ಬರೆಸಿಕೊಳ್ಳುತ್ತಿದ್ದರು, ಅದರಲ್ಲಿ ಹೆಸರು ಬಂದವರನ್ನೆಲ್ಲ ಸಾಲಾಗಿ ಒಳಗೆ ಹಾಕುತ್ತಿದ್ದರು. ಈ ಅಧಿಕಾರಿಗಳೂ ಪೊಲೀಸರೇ, ಅವರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲದು ಅಂತ ಮೂವರಲ್ಲಿ ಇಬ್ಬರು ಜಡ್ಜ್‌ಗಳು ತೀರ್ಮಾನಿಸಿದರು. ಇದರ ಬಿಸಿ ಬೆಂಗಳೂರು ಎನ್‌ಸಿಬಿಗೂ ತಟ್ಟಿತು. 2022ರ ಜನವರಿಯಲ್ಲಿ ಅದರ ಕೇಸುಗಳಲ್ಲಿ ಕರ್ನಾಟಕ ಹೈಕೋರ್ಟ್ ಹಲವು ಆರೋಪಿಗಳಿಗೆ ಕೊಟ್ಟಿದ್ದ ಬೇಲ್ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು: ಸಹ ಆರೋಪಿಯ ಹೇಳಿಕೆ ಮತ್ತು ಫೋನ್ ಕರೆಗಳ ಪಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಮಾಲು ಸಿಕ್ಕಿದ್ದ ಒಬ್ಬನ ಬೇಲ್ ಮಾತ್ರ ಹೋಯಿತು.

ನನ್ನ ತಕರಾರು ಇರುವುದು ಇಲ್ಲೇ. ಕಾನೂನಿನ ಸಿಟ್ಟು ಇರುವುದು ಜಾಲ ನಡೆಸುವವನ ಮೇಲೆ. ಅದರ ಬಿಸಿ ತಟ್ಟುವುದು ಮಾತ್ರ ಮಾಲು ಕೈಯಲ್ಲಿ ಹಿಡಿದವನಿಗೆ. ಜಾಲದ ಮೇಲಿನ ಮನುಷ್ಯ ಮಾಲನ್ನು ಮುಟ್ಟುವುದಿಲ್ಲ, ಅವನ ಹೆಸರು ಬರುವುದು ಇನ್ನೊಬ್ಬರ ಬಾಯಲ್ಲಿ, ಆ ಬಾಯಿಮಾತು ತೂಫಾನ್ ಸಿಂಗ್ ತೀರ್ಪಿನ ನಂತರ ನಿಲ್ಲುವುದಿಲ್ಲ. ಇತ್ತ ಗಾಂಜಾ ಅಗ್ಗದ ಮಾಲು, ಜಾಗ ಜಾಸ್ತಿ ತಿನ್ನುತ್ತದೆ. ಆಂಧ್ರ, ಒಡಿಶಾ ಗಡಿಯ ಗುಡ್ಡಗಳಿಂದ ರೈಲು, ಬಸ್ಸು, ಲಾರಿಯಲ್ಲಿ ಅದನ್ನು ತರುವವನಿಗೆ ಸಿಗುವುದು ಕೂಲಿ, ಆದರೆ 20 ಕೆಜಿ ಗೆರೆ ದಾಟಿದ್ದಕ್ಕೆ ವರ್ಷಗಟ್ಟಲೆ ಒಳಗಿರುವವನೂ ಅವನೇ. ತೂಫಾನ್ ಸಿಂಗ್ ತೀರ್ಪು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊಡೆದು ಬಡಿದು ಬರೆಸಿದ ಹೇಳಿಕೆ ಬಿಟ್ಟು ಬ್ಯಾಂಕ್ ವಹಿವಾಟು, ಬಾಡಿಗೆ ಪತ್ರ, ಗಾಡಿ ಮಾಲೀಕರ ದಾಖಲೆ ಹಿಡಿದು ಮೇಲಕ್ಕೆ ಹೋಗುವ ತನಿಖೆ ನಡೆದರೆ 37 ಬೀಳಬೇಕಾದವರ ಮೇಲೆ ಬೀಳುತ್ತದೆ. ಅಂಥ ತನಿಖೆ ಅಪರೂಪ.

ಪೊಲೀಸರು ವಿಧಿವಿಧಾನ ತಪ್ಪಿದರೆ ಬೇಲ್ ಗ್ಯಾರಂಟಿ ಅನ್ನುವ ನಂಬಿಕೆಯೂ ಇದೆ. ಪೂರ್ತಿ ನಿಜ ಅಲ್ಲ. ಸೆಕ್ಷನ್ 50ರ ಪ್ರಕಾರ ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಕೇಳುವ ಹಕ್ಕು ನಿನಗಿದೆ ಅಂತ ಹೇಳಬೇಕು. ಆದರೆ ಇದು ಮೈಗೆ ಮಾತ್ರ, ಕೈಯಲ್ಲಿದ್ದ ಬ್ಯಾಗಿಗೆ ಅನ್ವಯಿಸದು ಅಂತ 2005ರಲ್ಲೂ 2023ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಮಾಲು ಸಿಗುವುದು ಹೆಚ್ಚಾಗಿ ಬ್ಯಾಗಿನಲ್ಲೇ ಅಲ್ವಾ. ಸೆಕ್ಷನ್ 52ಎ ಪ್ರಕಾರ ಸ್ಯಾಂಪಲ್ ತೆಗೆಯುವುದು ಮ್ಯಾಜಿಸ್ಟ್ರೇಟ್ ಎದುರು ಆಗಬೇಕು. ಇದು ತಡವಾಯಿತು ಅಂತ ಹೈಕೋರ್ಟುಗಳು ಬೇಲ್ ಕೊಡತೊಡಗಿದ್ದವು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬ್ರೇಕ್ ಹಾಕಿ, ಆ ಲೋಪ ಒಂದರಿಂದಲೇ ಬೇಲ್ ಕೊಡಲಾಗದು, ಅದನ್ನು ವಿಚಾರಣೆಯಲ್ಲಿ ನೋಡಿಕೊಳ್ಳಿ ಅಂದಿತು.

ಇಷ್ಟೆಲ್ಲ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಕ್ಯಾಲೆಂಡರ್. ಬೇರೆ ಗಂಭೀರ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು, ವಾಣಿಜ್ಯ ಪ್ರಮಾಣದ ಡ್ರಗ್ಸ್ ಕೇಸಿನಲ್ಲಿ 180 ದಿನ. ಸರ್ಕಾರಿ ವಕೀಲರು ತನಿಖೆ ಎಲ್ಲಿಗೆ ಬಂತು, ಇನ್ನೂ ಯಾಕೆ ಒಳಗಿಡಬೇಕು ಅಂತ ಕಾರಣ ಕೊಟ್ಟು ಕೇಳಿದರೆ ಒಂದು ವರ್ಷದವರೆಗೂ ಎಳೆಯಬಹುದು. ಆ ಗಡುವು ಮೀರಿದರೆ ತೂಕ ಎಷ್ಟೇ ಇರಲಿ, ಡೀಫಾಲ್ಟ್ ಬೇಲ್ ಹಕ್ಕು. 37 ಇಲ್ಲಿ ಅಡ್ಡ ಬರುವುದಿಲ್ಲ. ಚೆನ್ನೈನ ಡಿಆರ್‌ಐ ಕೇಸೊಂದರಲ್ಲಿ 180 ದಿನ ಮುಗಿದ ಮಾರನೇ ಬೆಳಗ್ಗೆಯೇ ಆರೋಪಿ ಅರ್ಜಿ ಹಾಕಿದ, ಅಧಿಕಾರಿಗಳು ಅದೇ ಸಂಜೆ ಕೋರ್ಟು ಮುಗಿಯುವ ಹೊತ್ತಿಗೆ ಓಡಿಬಂದು ಇನ್ನೊಂದು ದೂರುಪಟ್ಟಿ (ಅವರ ಕೇಸುಗಳಲ್ಲಿ ಚಾರ್ಜ್‌ಶೀಟ್ ಇದ್ದ ಹಾಗೆ) ಸಲ್ಲಿಸಿದರು. ಬೆಳಗ್ಗೆಯೇ ಹಕ್ಕು ಹುಟ್ಟಿಯಾಯಿತು, ಸಂಜೆ ಬಂದ ಕಾಗದ ಅದನ್ನು ಕಿತ್ತುಕೊಳ್ಳಲಾಗದು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಗಮನಿಸಿ, ಅರ್ಜಿ ಹಾಕಿದರೆ ಮಾತ್ರ ಹಕ್ಕು. ಹಾಕದೆ ಕೂತಿರುವಾಗ ಚಾರ್ಜ್‌ಶೀಟ್ ಬಂದರೆ ಅವಕಾಶ ಹೋಯಿತು. ಎಫ್‌ಎಸ್‌ಎಲ್ ವರದಿ ಇಲ್ಲದ ಚಾರ್ಜ್‌ಶೀಟ್ ಪೂರ್ತಿ ಚಾರ್ಜ್‌ಶೀಟ್ ಹೌದೋ ಅಲ್ಲವೋ ಎಂಬುದರಲ್ಲಿ ಹೈಕೋರ್ಟುಗಳು ಎರಡು ದಾರಿ ಹಿಡಿದಿವೆ.

ಚಾರ್ಜ್‌ಶೀಟ್ ಬಂದಮೇಲೆ ವಾಯಿದೆಗಳ ಕಾಲ. ದಾಳಿ ಮಾಡಿದ ಇನ್‌ಸ್ಪೆಕ್ಟರ್ ವರ್ಗವಾಗಿ ಹೋಗಿರುತ್ತಾರೆ, ಪಂಚರು ಸಿಗುವುದಿಲ್ಲ, ಮಡಿವಾಳದ ಎಫ್‌ಎಸ್‌ಎಲ್‌ನವರಿಗೆ ಸಮನ್ಸ್ ಹೋಗಿ ಬರಬೇಕು. ಕನಿಷ್ಠ ಶಿಕ್ಷೆ 10 ವರ್ಷ ಇರುವ ಕೇಸಿನಲ್ಲಿ ಐದು ವರ್ಷ ಒಳಗಿದ್ದವರನ್ನು ಬಿಡಿ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ, ಆಗ ಕೊಳೆಯುತ್ತಿದ್ದವರಿಗಾಗಿ, ಹೇಳಿತ್ತು. ಆದರೂ 2022ರ ಜುಲೈನಲ್ಲಿ ಅದೇ ಕೋರ್ಟು, ಎಷ್ಟು ದಿನ ಒಳಗಿದ್ದ ಎಂಬುದೊಂದರಿಂದಲೇ 37ರ ಷರತ್ತು ಸಡಿಲವಾಗದು ಅಂದಿತು. 2023ರ ಮಾರ್ಚ್‌ನಲ್ಲಿ ದೆಹಲಿಯ ಗಾಂಜಾ ಕೇಸು ಬಂತು, ಆರೋಪಿ ಏಳು ವರ್ಷಕ್ಕೂ ಜಾಸ್ತಿ ಒಳಗಿದ್ದ. ನ್ಯಾಯಮೂರ್ತಿ ರವೀಂದ್ರ ಭಟ್ ಅವರಿದ್ದ ಪೀಠ ಹೇಳಿದ್ದು: 37ನ್ನು ಅಕ್ಷರಶಃ ಓದಿದರೆ ಯಾರಿಗೂ ಯಾವತ್ತೂ ಬೇಲ್ ಸಿಗದು, ವಿಚಾರಣೆ ಅತಿಯಾಗಿ ತಡವಾದರೆ ಬೇಲ್ ಕೊಡಲು ಅದು ಅಡ್ಡಿಯಾಗದು. ಅದೇ ವರ್ಷ ಜುಲೈನಲ್ಲಿ ಒಡಿಶಾದ 247 ಕೆಜಿ ಗಾಂಜಾ ಕೇಸಿನಲ್ಲಿ ಮೂರೂವರೆ ವರ್ಷ ಕಳೆದಿದ್ದವನಿಗೂ ಬೇಲ್ ಸಿಕ್ಕಿತು. ಹಾಗಾದರೆ ಎಷ್ಟು ವರ್ಷ ಅಂದರೆ ತಡ? ಮೂರೂವರೆಯಾ, ಐದಾ, ಏಳಾ? ಗೆರೆ ಯಾರೂ ಎಳೆದಿಲ್ಲ. ಮಾಲಿಗೆ ಗ್ರಾಂ ಲೆಕ್ಕದಲ್ಲಿ ಗೆರೆ ಎಳೆದವರು ಕಾಯುವ ಕಾಲಕ್ಕೆ ಒಂದು ಗೆರೆ ಎಳೆಯದೆ ಬಿಟ್ಟಿದ್ದಾರೆ, ಹಾಗಾಗಿ ಅರ್ಜಿ ಯಾವ ಪೀಠದ ಮುಂದೆ ಬಂತು ಎಂಬುದರ ಮೇಲೆ ಹೋಗುತ್ತದೆ. ಹಳೇ ಡ್ರಗ್ಸ್ ಕೇಸು ಇದ್ದವರಿಗಂತೂ ಈ ದಾರಿಯೂ ಕಿರಿದು, ಮತ್ತೆ ಅಪರಾಧ ಮಾಡಲಾರ ಎಂಬ ಎರಡನೇ ಷರತ್ತು ಅಲ್ಲಿ ಎಡವುತ್ತದೆ. ಅದರಲ್ಲಿ ನನಗೆ ದೊಡ್ಡ ಆಕ್ಷೇಪವಿಲ್ಲ.

ಬೇಲ್ ಆದೇಶ ಬಂದರೂ ಮುಗಿಯಲಿಲ್ಲ. ಪಾಸ್‌ಪೋರ್ಟ್ ಕೊಡು, ಠಾಣೆಗೆ ಬಂದು ಸಹಿ ಹಾಕು, ಊರು ಬಿಡಬೇಡ. ವಿದೇಶಿ ಆರೋಪಿಯೊಬ್ಬರಿಗೆ ಗೂಗಲ್ ಮ್ಯಾಪ್‌ನಲ್ಲಿ ತಾನೆಲ್ಲಿದ್ದೇನೆ ಅಂತ ಸದಾ ತೋರಿಸುತ್ತಿರಬೇಕು ಎಂಬ ಷರತ್ತೂ ಬಂದಿತ್ತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಎಲ್ಲಕ್ಕಿಂತ ಕಷ್ಟ ಶ್ಯೂರಿಟಿ. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಡ್ರೈವರ್‌ಗೆ ಇಲ್ಲಿ ಪಹಣಿ ಹಿಡಿದು ಕೋರ್ಟಿಗೆ ಬರುವ ನೆಂಟರು ಯಾರಿದ್ದಾರೆ? ಹೀಗೆ ಆದೇಶ ಕೈಯಲ್ಲಿದ್ದೂ ಒಳಗೇ ಉಳಿಯುವವರಿಗಾಗಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸೂಚನೆ ಕೊಟ್ಟಿದೆ: ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟೇ ತಾನಾಗಿ ನೋಡಬಹುದು. ನಿಮಗೆ ಗೊತ್ತಿರುವವರು ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಆ ಪ್ರಾಧಿಕಾರದ ಕಚೇರಿಗೆ ಬೇಲ್ ಆದೇಶದ ಪ್ರತಿ ಹಿಡಿದು ಹೋಗಿ, ವಕೀಲರನ್ನೂ ಅಲ್ಲಿ ಪುಕ್ಕಟೆ ಕೊಡುತ್ತಾರೆ.